ಒಳ್ಳೆ ಕಾಲು ಮೇಲಕ್ಕೆ

ಈ ಊರಲ್ಲಿ ವಿಳಾಸ ಹೇಳುವಾಗ
ಬೀದಿಯ ಹೆಸರಿನ ಜೊತೆ ಮೆಟ್ಟಿಲ ಲೆಕ್ಕವನ್ನೂ ಹೇಳುತ್ತಾರೆ.
ನೋಲ್ಬೆರ್ತೋನ ಮನೆ ನೂರಾ ಅರವತ್ತೊಂದು.
ಮೂವತ್ತೆರಡು ವರ್ಷ ಗ್ಯಾಸ್ ಸಿಲಿಂಡರು ಹೊತ್ತು
ವಾಲ್ಪರಾಯಿಸೊದ ಗುಡ್ಡ ಹತ್ತಿದವನು
ಈಗ ನನ್ನ ಮೇಜಿನ ಮೇಲೆ ಮಲಗಿ
ಮಂಡಿಯಡಿ ಸುತ್ತಿಟ್ಟ ಟವೆಲನ್ನು
ಒತ್ತಲಾರದೆ ಬೆವರುತ್ತಾನೆ.

ಒತ್ತಿ. ಐದು ಎಣಿಸುವ ತನಕ. ಬಿಡಿ.
ತೊಡೆಯ ಸ್ನಾಯು ಒಮ್ಮೆ ಅದುರುತ್ತದೆ,
ಬಲೆಯಲ್ಲುಳಿದ ಕೊನೆಯ ಮೀನಿನಂತೆ.
ಇದೆಯಲ್ಲ, ಎನ್ನುತ್ತೇನೆ, ಸತ್ತಿಲ್ಲ.
ಅವನು ಚಾವಣಿಯ ತೇವದ ಕಲೆ ನೋಡುತ್ತ
ಬಂದರಿನವರ ಬೈಗುಳವೊಂದನ್ನು ಬೈದು
"ಕ್ಷಮಿಸಿ ಕಿನೆ" ಎನ್ನುತ್ತಾನೆ.
ಇಲ್ಲಿ ನಮ್ಮನ್ನು ಕರೆಯುವುದೇ ಹಾಗೆ, ಕಿನೆ,
ಡಾಕ್ಟರಿಗಿಂತ ಒಂದು ಮೆಟ್ಟಿಲು ಕೆಳಗೆ.

ಕಿಟಕಿಯ ಬಳಿ ಗೋಡೆಗೆ ಮುಖಮಾಡಿ ದೋರಾಲಿಸಾ.
ಹೋದ ಚಳಿಗಾಲ ಎಡ ಹೆಗಲು ಹೆಪ್ಪುಗಟ್ಟಿತು.
ಬಿದ್ದದ್ದಿಲ್ಲ, ಪೆಟ್ಟಾದದ್ದಿಲ್ಲ,
ಒಂದು ಬೆಳಿಗ್ಗೆ ಬೆನ್ನ ಹಿಂದಿನ ಕೊಕ್ಕೆಗೆ ಕೈ ತಲುಪಲಿಲ್ಲ, ಅಷ್ಟೆ.
ಎರಡು ಬೆರಳನ್ನು ಜೇಡದ ಹಾಗೆ ಗೋಡೆ ಹತ್ತಿಸಬೇಕು;
ಪ್ರತಿ ಸೋಮವಾರ ತಲುಪಿದಲ್ಲಿಗೆ ಪೆನ್ಸಿಲ್ ಗೆರೆ, ತಾರೀಖು.
ಮಕ್ಕಳ ಎತ್ತರಕ್ಕೆ ಬಾಗಿಲಲ್ಲಿ ಗೀಚುವಂತೆ, ಎಂದಳೊಮ್ಮೆ.
ಮಕ್ಕಳಿಲ್ಲ ಅವಳಿಗೆ.
ಮೂರು ವಾರದಿಂದ ಗೆರೆ ಒಂದೇ ಕಡೆ,
ಒಂದರ ಮೇಲೊಂದು, ದಪ್ಪವಾಗುತ್ತಿದೆ.

ನನ್ನ ಕೈಲಿರುವುದು ಪ್ಲಾಸ್ಟಿಕ್ಕಿನ ಕೋನಮಾಪಕ,
ಯಾವುದೋ ಹುಡುಗನ ಕಂಪಾಸು ಪೆಟ್ಟಿಗೆಯಿಂದ ಕದ್ದಂತಿದೆ.
ಮಂಡಿ ಎಂಬತ್ತೆಂಟು. ಹೆಗಲು ನೂರಾ ಹತ್ತು.
ನೋವೆಷ್ಟು, ಸೊನ್ನೆಯಿಂದ ಹತ್ತರೊಳಗೆ ಹೇಳಿ ಎಂದರೆ
ನೋಲ್ಬೆರ್ತೋ ಯಾವಾಗಲೂ ನಾಲ್ಕು.
ದೋರಾಲಿಸಾ ಕೇಳುತ್ತಾಳೆ, "ಯಾವ ಹೊತ್ತಿನದು?"
ರಾತ್ರಿ ಮೂರರದನ್ನು ಬರೆದುಕೊಳ್ಳಲು
ನಮೂನೆಯಲ್ಲಿ ಜಾಗವಿಲ್ಲ.
(ನನ್ನ ಬಲ ಹೆಬ್ಬೆರಳ ಬುಡ, ಇಷ್ಟು ಜನರ ಕೀಲು ಒತ್ತಿ ಒತ್ತಿ,
ಬಾಟಲಿಯ ಮುಚ್ಚಳ ತಿರುಗಿಸಲೊಪ್ಪುವುದಿಲ್ಲ.
ಅದಕ್ಕೂ ನಮೂನೆಯಿಲ್ಲ.)

ಬಾಗಿಲ ಮೇಲೆ ರಾಟೆ, ಹಗ್ಗ.
ಒಳ್ಳೆ ಕೈ ಎಳೆದರೆ ಕೆಟ್ಟ ಕೈ ಏಳುತ್ತದೆ,
ತುಂಬದ ಕೊಡ ಮೇಲೆ ಬಂದ ಹಾಗೆ.
ಮತ್ತೆ ಇಳಿಸು.

ಮೆಟ್ಟಿಲಿಗೊಂದು ಮಂತ್ರ ಕಲಿಸಿದೆ ಅವನಿಗೆ:
ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಕೆಟ್ಟದ್ದು.
ಒಳ್ಳೆಯದು ಸ್ವರ್ಗಕ್ಕೆ, ಕೆಟ್ಟದ್ದು ನರಕಕ್ಕೆ.
ಸ್ವಲ್ಪ ಹೊತ್ತು ಯೋಚಿಸಿ ಅವನೆಂದ:
"ಕೆಟ್ಟದ್ದು ಕೆಳಗಿಳಿಯುವಾಗ
ಮೈಭಾರವೆಲ್ಲ ಹೊರುವುದು ಮೇಲೆ ನಿಂತ ಒಳ್ಳೆಯದೇ ಅಲ್ಲವೆ, ಕಿನೆ?"
ಹದಿನಾಲ್ಕು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಆಮೇಲೆ ಅಣ್ಣನ ಮಾತು ತೆಗೆದ.
ಅದೇ ನೂರಾ ಅರವತ್ತೊಂದು ಮೆಟ್ಟಿಲಲ್ಲಿ
ಆರು ಜನ ಹೆಗಲು ಕೊಟ್ಟು ಇಳಿಸಿದ್ದರಂತೆ.
ಪೆಟ್ಟಿಗೆ ಮಟ್ಟವಾಗಿರಲೆಂದು
ಮುಂದಿನವರು ತೋಳು ಮೇಲೆತ್ತಿ,
ಹಿಂದಿನವರು ಮಂಡಿ ಬಗ್ಗಿಸಿ.
"ನಾನು ಹಿಂದಿದ್ದೆ."
ಗೋಡೆಯ ಮೇಲೆ ದೋರಾಲಿಸಾಳ ಬೆರಳು ನಿಂತವು.

ನವೆಂಬರಿನಲ್ಲಿ ಗುಡ್ಡ ಹತ್ತುವ ಹಳಿಯ ಡಬ್ಬಿ,
ಆರು ವರ್ಷ ಕೆಟ್ಟು ನಿಂತಿದ್ದು, ಮತ್ತೆ ಓಡಿತು.
ನೋಲ್ಬೆರ್ತೋ ಹತ್ತುವುದು ಅದರಲ್ಲೇ. ಯಾಕೆ ಬೇಡ?
ಇಳಿಯುವುದು ಮಾತ್ರ ಕಾಲಲ್ಲಿ,
ಕಂಬಿ ಹಿಡಿದು, ಕೆಟ್ಟದ್ದನ್ನು ಮೊದಲು ಕಳಿಸಿ,
ಒಳ್ಳೆಯದು ಬರುವ ತನಕ ಕಾದು.

ಮೊನ್ನೆ ಬಂದವನು ನನ್ನ ಪೆನ್ಸಿಲು ಕೇಳದೆ ತೆಗೆದುಕೊಂಡು
ಆ ದಪ್ಪ ಗೆರೆಯಿಂದ ಬೆರಳಗಲ ಮೇಲೆ
ಒಂದು ಚುಕ್ಕೆಯಿಟ್ಟ.
"ಇಲ್ಲಿ ಸಿಲಿಂಡರು ಇಳಿಸಿ ಒಂಚೂರು ಕೂರಬಹುದು," ಎಂದ,
"ನೆರಳಿದೆ."
ಅವಳು ನಗಲಿಲ್ಲ.
ಬೆರಳು ಹತ್ತಿಸತೊಡಗಿದಳು.